‘ನೀರು ಬಂತು’ ಎಂದ ಶೆಕುವೆ

ಶೆಕುವೆ ಒಂದು ಮಾತು ಹೇಳಿದನೆಂದರೆ ಸಿಯು ಊರಿನಲ್ಲಿ ಅದನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ‘ನಾಳೆ ಬೆಳಗಿನ ಉಬ್ಬರಕ್ಕೆ ಬಿಡ್ತೀನಿ’ ಎಂದು ಅವನು ಮಸೀದಿಯ ಕಟ್ಟೆಯ ಮೇಲೆ ಕೂತು ಅಂದರೆ ಸಾಕು, ಲಾಮು ಪಟ್ಟಣದ ಆಸ್ಪತ್ರೆಗೆ ಹೋಗುವವರು, ಮೇಕೆ ಮಾರುವವರು, ಕಚೇರಿ ಕೆಲಸವಿದ್ದವರು ಎಲ್ಲ ನಸುಕಿನಲ್ಲೇ ಎದ್ದು ಕಾಲುವೆಯ ದಂಡೆಗೆ ಬಂದು ಕೂರುತ್ತಿದ್ದರು. ಉದ್ದನೆಯ ಆಳು, ಸಣ್ಣ ದನಿ, ತಲೆಯ ಮೇಲೆ ಸದಾ ಕಸೂತಿಯ ಬಿಳಿ ಟೋಪಿ. ‘ತವಕಲ್’ ಎಂಬ ಮರದ ಮೋಟಾರು ದೋಣಿಗೆ ಅವನೇ ಒಡೆಯ, ಅವನೇ ನಹೋದಾ. ಚುಕ್ಕಾಣಿ ಅವನ ಕೈಯಲ್ಲಿ, ಎಂಜಿನ್ನು ಕೊಂಬೊನ ಕೈಯಲ್ಲಿ.

ಕೊಂಬೊ ಗಿಡ್ಡ, ಅಗಲ ಎದೆಯವನು, ಮಾತಿಗಿಂತ ಗೊಣಗಾಟ ಜಾಸ್ತಿ. ಮೀಸೆ ಮೂಡುವ ಮೊದಲಿಂದಲೂ ಇಬ್ಬರೂ ಜೊತೆ. ಹಾಯಿ ದೋಣಿಯ ಕಾಲದಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು. ಮನೆಗಳ ನಡುವೆ ಒಂದು ಹವಳಗಲ್ಲಿನ ಗೋಡೆ ಮಾತ್ರ. ಈ ಮನೆಯಲ್ಲಿ ತೆಂಗಿನಹಾಲಿನ ಮೀನು ಕುದಿದರೆ ಆ ಮನೆಗೆ ಒಂದು ತಟ್ಟೆ ಹೋಗುತ್ತಿತ್ತು.

ದೋಣಿಯಲ್ಲಿ ಅವರಿಬ್ಬರಿಗೆ ಒಂದು ಪದ್ಧತಿ ಇತ್ತು. ಎಂಜಿನ್ನು ಶುರುವಾದ ಕೂಡಲೇ ಹಲಗೆಯ ಕೆಳಗಿನಿಂದ ಕೊಂಬೊ ‘ನೀರು ಬಂತಾ?’ ಎಂದು ಕೂಗುವನು. ದೋಣಿಯ ಹಿಂಬದಿಯ ತೂತಿನಿಂದ ನೀರು ಚಿಮ್ಮುವುದನ್ನು ಬಗ್ಗಿ ನೋಡಿ ಶೆಕುವೆ ‘ಬಂತು’ ಎನ್ನುವನು. ಕಡಲಿನ ನೀರು ಒಳಹೊಕ್ಕು ಎಂಜಿನ್ನನ್ನು ತಂಪು ಮಾಡಿ ಹೊರಬರುತ್ತಿದೆ ಎಂಬುದಕ್ಕೆ ಅದೊಂದೇ ಗುರುತು. ಬಿಸಿ ತೋರಿಸುವ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿತ್ತು. ‘ಬಂತು’ ಎಂದ ಮೇಲೆಯೇ ಲಂಗರು ಎತ್ತುವುದು.

ಆ ಶುಕ್ರವಾರ ನಸುಕಿನಲ್ಲಿ ದೋಣಿ ತುಂಬಿ ಹೋಗಿತ್ತು. ಒಬ್ಬ ತನ್ನ ಏಳು ಮೇಕೆಗಳನ್ನು ಹೆಂಗಸರು ಕೂರುವ ಕಡೆಗೇ ಕಟ್ಟುತ್ತೇನೆಂದು ಹಠ ಹಿಡಿದಿದ್ದ. ಶೆಕುವೆ ಅವನ ಜೊತೆ ಜಗಳಕ್ಕೆ ನಿಂತಿದ್ದಾಗ ಕೆಳಗಿನಿಂದ ಕೂಗು ಬಂತು.

“ನೀರು ಬಂತಾ?”

“ಬಂತು ಬಂತು!” ಎಂದ ಶೆಕುವೆ. ಕತ್ತು ಕೂಡ ತಿರುಗಿಸಿರಲಿಲ್ಲ.

ನೀರು ಬಂದಿರಲಿಲ್ಲ. ಬರುವ ಹಾಗೂ ಇರಲಿಲ್ಲ. ಹಿಂದಿನ ಸಂಜೆ ದೋಣಿ ತೊಳೆಯುವಾಗ ಒಳಗಿನ ಪೈಪಿನ ಹತ್ತಿರ ನೀರು ಒಸರುತ್ತಿದ್ದುದನ್ನು ಶೆಕುವೆ ಕಂಡಿದ್ದ. ರಾತ್ರಿ ದೋಣಿಯೊಳಗೆ ನೀರು ತುಂಬಬಾರದೆಂದು ತಳದ ಹಿತ್ತಾಳೆಯ ವಾಲ್ವನ್ನು ಮುಚ್ಚಿದ್ದ. ಬೆಳಗ್ಗೆ ಕೊಂಬೊನಿಗೆ ಹೇಳಿದರಾಯಿತು ಎಂದುಕೊಂಡಿದ್ದ. ಆ ವಾಲ್ವನ್ನು ಅವರು ಯಾವತ್ತೂ ಮುಚ್ಚುತ್ತಿರಲಿಲ್ಲವಾದ್ದರಿಂದ ಕೊಂಬೊ ಅದರ ಕಡೆ ನೋಡುವ ಪ್ರಮೇಯವೇ ಇರಲಿಲ್ಲ. ಬೆಳಗ್ಗೆ ಮೇಕೆಗಳು ಬಂದವು, ಮಾತು ಮರೆತುಹೋಯಿತು.

ಕಾಲುವೆ ದಾಟಿ ತೆರೆದ ನೀರಿಗೆ ಬಂದು ವೇಗ ಏರಿಸಿ ಸ್ವಲ್ಪ ಹೊತ್ತಾಗಿತ್ತಷ್ಟೆ. ಸುಟ್ಟ ರಬ್ಬರಿನ ವಾಸನೆ ಎದ್ದಿತು. ಆಮೇಲೆ ಹಲಗೆಗಳ ಸಂದಿಯಿಂದ ಹೊಗೆ. ಎಂಜಿನ್ನು ಕಬ್ಬಿಣವನ್ನು ಕಬ್ಬಿಣದಿಂದ ಬಡಿದ ಹಾಗೆ ನಾಲ್ಕು ಸಲ ಬಡಿದುಕೊಂಡು ನಿಂತೇಹೋಯಿತು. ಹೆಂಗಸರು ಕಿರುಚಿದರು, ಮೇಕೆಗಳು ಅರಚಿದವು. ಪ್ರವಾಹ ದೋಣಿಯನ್ನು ಬಂಡೆಗಳ ಕಡೆ ಎಳೆಯತೊಡಗಿತು. ಕೊಂಬೊ ಲಂಗರು ಹಾಕಲು ಮುಂದಕ್ಕೆ ಓಡಿದ.

ಆಗ ಶೆಕುವೆಗೆ ವಾಲ್ವು ನೆನಪಾಯಿತು. ಚುಕ್ಕಾಣಿ ಬಿಟ್ಟು, ಹಲಗೆ ಎತ್ತಿ, ಹೊಗೆಯಲ್ಲಿ ಕೆಮ್ಮುತ್ತ ಕೈಚಾಚಿದ. ತಡಕಾಡಿ ವಾಲ್ವನ್ನು ತೆರೆದ. ಮತ್ತೆ ಹಲಗೆ ಮುಚ್ಚಿ ಮೊದಲಿನ ಜಾಗದಲ್ಲೇ ನಿಂತ. ಯಾಕೆ ಹಾಗೆ ಮಾಡಿದೆ ಎಂದು ಅವನೇ ತನ್ನನ್ನು ಎಷ್ಟು ಸಲ ಕೇಳಿಕೊಂಡನೋ. ಎಂಜಿನ್ನಂತೂ ಸತ್ತಾಗಿತ್ತು, ಅದಕ್ಕೀಗ ನೀರು ಕೊಟ್ಟರೆ ಏನು ಬಂತು? ಕೈ ತಾನಾಗಿ ಹೋಯಿತು ಎಂದು ಹೇಳಿಕೊಂಡ. ಕೈ ತಾನಾಗಿ ಹೋಗುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಕೊಂಬೊ ಹಿಂದಿರುಗಿ ಬಂದು ಕೆಳಗಿಳಿದು ನೋಡಿದ. ವಾಲ್ವು ತೆರೆದೇ ಇತ್ತು. ಎಂಜಿನ್ನಿನ ಚಕ್ರ ಹಿಡಿದು ತಿರುಗಿಸಲು ನೋಡಿದರೆ ಕದಲಲಿಲ್ಲ.

“ಸೀಜ್ ಆಗಿದೆ,” ಎಂದ. ಮುಖ ಬಿಳಿಚಿತ್ತು. “ನೀರು ಬರ್ತಿತ್ತಲ್ಲ ಶೆಕುವೆ?”

“ಬರ್ತಿತ್ತು,” ಎಂದ ಶೆಕುವೆ.

ಆ ಎರಡನೇ ಮಾತು ಮೊದಲನೆಯದರಂತೆ ಬಾಯಿ ತಪ್ಪಿ ಬಂದದ್ದಲ್ಲ.

ಹಾದು ಹೋಗುತ್ತಿದ್ದ ಫಾಝಾ ಊರಿನ ದೋಣಿಯೊಂದು ಅವರನ್ನು ಎಳೆದು ತಂದಿತು. ಆ ದಿನ ಹುಣ್ಣಿಮೆ, ಸಂಜೆಯ ನೀರು ಮನೆಯ ಬೇಲಿಯವರೆಗೂ ಏರುವ ದೊಡ್ಡ ಉಬ್ಬರ. ಊರಿನವರೆಲ್ಲ ಹಗ್ಗ ಹಿಡಿದು ತವಕಲ್ಲನ್ನು ಶೆಕುವೆಯ ಅಂಗಳದ ಅಂಚಿಗೇ ಏರಿಸಿ ಆನಿಸಿ ನಿಲ್ಲಿಸಿದರು. ಇನ್ನು ಮೇಲೆ ದಿನದಿನಕ್ಕೆ ಉಬ್ಬರ ಇಳಿಮುಖ. ಸೋಮವಾರದ ಸಂಜೆಯ ನೀರಿಗೆ ದೋಣಿ ತೇಲದಿದ್ದರೆ ಮುಂದಿನ ದೊಡ್ಡ ಉಬ್ಬರದವರೆಗೂ ಅದು ಅಂಗಳದಲ್ಲೇ ಬಿಸಿಲಿಗೆ ಬಾಯಿಬಿಡಬೇಕು, ಹಲಗೆಗಳು ಒಣಗಿ ಸಂದು ಬಿಡಬೇಕು. ಸೋಮವಾರದೊಳಗೆ ಹಳೇ ಎಂಜಿನ್ನು ಹೊರಬಂದು ಬೇರೊಂದು ಒಳಗೆ ಕೂರಬೇಕು. ಲಾಮುವಿನಲ್ಲಿ ಶೆಕುವೆಯ ಭಾವಮೈದುನನ ಬಳಿ ಒಡೆದ ದೋಣಿಯೊಂದರ ಎಂಜಿನ್ನು ಇತ್ತು. ಫೋನು ಮಾಡಿದರೆ ಶನಿವಾರವೇ ಕಳಿಸುತ್ತೇನೆಂದ.

ಅದೇ ಸೋಮವಾರ ಸಂಜೆ, ಮಗ್ರಿಬ್ ನಮಾಜು ಮುಗಿದ ಮೇಲೆ, ಕೊಂಬೊ ಮತ್ತು ಅವನ ಹೆಂಡತಿ ಅರಾಫಾಳ ಮಗಳು ಮುನಿರಾಳ ನಿಕಾಹ್ ಎಂದು ಮೊದಲೇ ನಿಶ್ಚಯವಾಗಿತ್ತು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬ ಶೆಕುವೆ.

“ನೀನು ಮನೇಲಿರು ಮಾರಾಯ,” ಎಂದ ಶೆಕುವೆ. “ಮಗಳ ಮದುವೆ ಇಟ್ಕೊಂಡು ಎಣ್ಣೇಲಿ ಕೈ ಅದ್ದೋದು ಬೇಡ. ಲಾಮುವಿಂದ ಮೆಕ್ಯಾನಿಕ್ ಕರೆಸ್ತೀನಿ.”

“ಯಾವ ಮೆಕ್ಯಾನಿಕ್ಕು? ಈ ದೋಣಿಯ ಹೊಟ್ಟೆ ನನಗೆ ಗೊತ್ತಿರೋ ಹಾಗೆ ಅವನಿಗೆ ಗೊತ್ತಾ?” ಕೊಂಬೊ ತಲೆ ಎತ್ತಲಿಲ್ಲ. “ಕೆಡಿಸಿದವನು ನಾನು. ಕೂರಿಸೋನೂ ನಾನೇ.”

ಊರಿನಲ್ಲಿ ಗೂಬೆ ಕೊಂಬೊನ ತಲೆಯ ಮೇಲೆ ಕೂತಾಗಿತ್ತು. ಅವನು ಹರೆಯದಲ್ಲಿ ಮತ್ತೇರಿಸುವ ಮಿರಾ ಸೊಪ್ಪು ಜಗಿಯುತ್ತಿದ್ದವನು. ಬಿಟ್ಟು ಎಷ್ಟೋ ವರ್ಷವಾದರೂ ಜನ ಆ ಮಾತು ಬಿಟ್ಟಿರಲಿಲ್ಲ. ಶನಿವಾರ ಬೆಳಗ್ಗೆ ಅಂಗಳದ ಮುಂದೆ ಕತ್ತೆ ಹೊಡೆದುಕೊಂಡು ಹೋಗುತ್ತಿದ್ದ ಬಕಾರಿ ನಿಂತು ಕೇಳಿದ: “ಏನು ಕೊಂಬೊ, ಸೊಪ್ಪು ಕೆನ್ನೇಲಿತ್ತೋ, ಎಂಜಿನ್ನಿಗೂ ಒಂದು ಹಿಡಿ ಹಾಕಿದ್ಯೋ? ನನ್ನ ಕತ್ತೆಗೆ ನೀರು ಕುಡಿಸೋದನ್ನ ನಾನು ಮರೆಯಲ್ಲಪ್ಪ.”

ಸುತ್ತ ನಿಂತವರು ನಕ್ಕರು. ಕೊಂಬೊ ಬೋಲ್ಟು ಬಿಚ್ಚುತ್ತಲೇ ಇದ್ದ. ಶೆಕುವೆ ಬಾಯಿ ತೆರೆದ. ‘ಸುಮ್ಮನೆ ಹೋಗೋ ಬಕಾರಿ’ ಎಂದಷ್ಟೇ ಹೊರಬಂತು. ಬಕಾರಿ ಹೋಗುತ್ತ, “ನೋಡಿ, ನಹೋದಾ ಅಂದ್ರೆ ಹಿಂಗಿರಬೇಕು. ದೋಣಿ ಕೆಡಿಸಿದವನ ಪರವಾಗಿಯೇ ಮಾತಾಡ್ತಾನೆ,” ಎಂದ. ಆ ಹೊಗಳಿಕೆ ಶೆಕುವೆಯ ಬೆನ್ನಿಗೆ ಕೆಂಡ ಇಟ್ಟ ಹಾಗಿತ್ತು.

ಉಪ್ಪುನೀರಿನ ಕಾಂಡ್ಲಾ ಮರದ ಮೂರು ಉದ್ದ ಕಂಬಗಳನ್ನು ದೋಣಿಯ ಮೇಲೆ ತ್ರಿಕೋನವಾಗಿ ಕಟ್ಟಿ, ನಡುವೆ ಚೈನ್ ಪುಲ್ಲಿ ತೂಗುಬಿಟ್ಟರು. ಕೊಂಬೊ ಒಂದೊಂದೇ ಪೈಪು, ಒಂದೊಂದೇ ಬೋಲ್ಟು ಬಿಚ್ಚಿದ. ತುಕ್ಕು ಹಿಡಿದದ್ದಕ್ಕೆ ಡೀಸೆಲ್ ಸುರಿದು ಕಾದು ಬಿಚ್ಚಿದ. ದೋಣಿಯ ಪಂಖ ತಿರುಗಿಸುವ ಶಾಫ್ಟನ್ನು ಎಂಜಿನ್ನಿಗೆ ಬಿಗಿದಿದ್ದ ಬಿಲ್ಲೆಗಳನ್ನು ಬೇರೆ ಮಾಡಿದ. ಮಧ್ಯಾಹ್ನದ ಹೊತ್ತಿಗೆ ನೆರೆಯ ಗಂಡಸರು ಸರಪಳಿ ಹಿಡಿದು, ಹಾಡಿ, ಜಗ್ಗಿ, ಕಪ್ಪಗಾದ ಎಂಜಿನ್ನನ್ನು ಮೇಲೆತ್ತಿದರು. ಅದು ಎಣ್ಣೆ ತೊಟ್ಟಿಕ್ಕಿಸುತ್ತ ಗಾಳಿಯಲ್ಲಿ ತಿರುಗಿ ಅಂಗಳದ ಮರಳಿನ ಮೇಲೆ ಕೂತಿತು.

ಕೊಂಬೊ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೀರಿನ ಪಂಪನ್ನು ಬಿಚ್ಚತೊಡಗಿದ.

“ಅದನ್ಯಾಕೆ ಈಗ ಬಿಚ್ತೀಯ? ಹೊತ್ತಿಲ್ಲ,” ಎಂದ ಶೆಕುವೆ. ದನಿ ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. “ಗುಜರಿಗೆ ಹಾಕೋದು ತಾನೇ?”

“ಯಾತಕ್ಕೆ ಸತ್ತಿತು ಅಂತ ಗೊತ್ತಾಗಬೇಡ್ವಾ? ಹೊಸದಕ್ಕೂ ಅದೇ ಗತಿ ಬಂದ್ರೆ?”

ಪಂಪಿನ ಒಳಗಿನ ರಬ್ಬರಿನ ಚಕ್ರ ಕರಗಿ ಮುದ್ದೆಯಾಗಿತ್ತು. ರೆಕ್ಕೆಗಳು ಹರಿದು ಪುಡಿಯಾಗಿ ಕೈಗೆ ಬಂದವು. ಕೊಂಬೊ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಶೆಕುವೆಯ ಒಂದು ಮನಸ್ಸು, ಈಗ ಗೊತ್ತಾಗಲಿ, ಈಗಲೇ ಗೊತ್ತಾಗಿ ಮುಗಿದುಹೋಗಲಿ ಎನ್ನುತ್ತಿತ್ತು.

“ಇದು ಹಳೇದಾಗಿತ್ತು,” ಎಂದ ಕೊಂಬೊ ಮೆಲ್ಲಗೆ. “ಉಪವಾಸದ ತಿಂಗಳಲ್ಲೇ ಬದಲಾಯಿಸಬೇಕಿತ್ತು. ಹಬ್ಬ ಆಗಲಿ ಅಂದೆ, ಹಬ್ಬ ಆದಮೇಲೆ ಮದುವೆ ಓಡಾಟ. ದಾರಿ ಮಧ್ಯೆ ಹರಿದು ನೀರು ನಿಂತಿದೆ. ನೀನು ನೋಡ್ದಾಗ ಬರ್ತಿತ್ತು, ಆಮೇಲೆ ನಿಂತಿದೆ.” ತಲೆ ಎತ್ತಿದ. ಕಣ್ಣು ತುಂಬಿದ್ದವು. “ಅಷ್ಟು ಜನ ಇದ್ರು ಶೆಕುವೆ. ಬಂಡೆಗೆ ಬಡಿದಿದ್ರೆ ಏನು ಗತಿ? ಈ ಕೆಲಸ ಮುಗಿಸಿಕೊಟ್ಟು ನಾನು ದೋಣಿ ಬಿಡ್ತೀನಿ. ನನ್ನ ಕೈ ಇನ್ನು ನಂಬೋ ಹಾಗಿಲ್ಲ.”

ಶೆಕುವೆ ಅವನ ಹೆಗಲ ಮೇಲೆ ಕೈಯಿಟ್ಟ. “ಆಗೋದು ಆಗುತ್ತೆ. ದೇವರ ಇಚ್ಛೆ,” ಎಂದ. ಹೇಳುತ್ತಲೇ ತನ್ನ ಕೈಯನ್ನು ತಾನೇ ಅಸಹ್ಯಪಟ್ಟು ಹಿಂದೆಗೆದುಕೊಂಡ.

ಊಟಕ್ಕೆ ಕೂತಾಗ ಹೆಂಡತಿ ಮ್ವಾನಖೇರಿ ಅವನ ತಟ್ಟೆಯನ್ನೇ ನೋಡುತ್ತಿದ್ದಳು. ತೆಂಗಿನಹಾಲಿನ ಅನ್ನ ಹಾಗೇ ಇತ್ತು, ಮೀನನ್ನು ಬೆರಳಿನಿಂದ ಚೂರು ಮಾಡಿದ್ದ, ಅಷ್ಟೆ.

“ಎಂಜಿನ್ ಹೋಯ್ತು ಅಂತ ಯಾರೂ ಹಿಂಗೆ ಸೊರಗಲ್ಲ,” ಎಂದಳು. “ನಿಮ್ಮಪ್ಪ ಸತ್ತಾಗಲೂ ನೀವು ಉಂಡಿದ್ರಿ.”

“ಹಸಿವಿಲ್ಲ.”

“ಕೊಂಬೊಗೂ ಹಸಿವಿಲ್ಲವಂತೆ. ಅರಾಫಾ ಗೋಡೆ ಆ ಕಡೆ ನಿಂತು ಅಳ್ತಿದ್ದಳು. ಮದುವೆ ಮನೇಲಿ ಬಂದವರೆಲ್ಲ ಅದನ್ನೇ ಎತ್ತಿ ಆಡ್ತಾರಂತೆ. ಗಂಡಿನ ಕಡೆಯವರೂ ಕೇಳಿದ್ರಂತೆ, ‘ಹುಡುಗಿ ಅಪ್ಪ ಈಗಲೂ ಮಿರಾ ತಿಂತಾನಾ’ ಅಂತ. ಅವನು ತಿಂತಾನೇನ್ರೀ?”

“ಇಲ್ಲ.”

“ಮತ್ತೆ ಹೋಗಿ ಹೇಳಬಾರದಾ? ನೀವು ಒಂದು ಮಾತು ಹೇಳಿದ್ರೆ ಊರು ನಂಬುತ್ತೆ.”

ಶೆಕುವೆ ಎದ್ದು ಕೈ ತೊಳೆದ.

ಸಂಜೆ ಲಾಮುವಿನಿಂದ ಎಂಜಿನ್ನು ಬಂತು. ಭಾನುವಾರವಿಡೀ ಮರದ ಕೆಲಸ. ಹಳೆಯ ಎಂಜಿನ್ನು ಕೂರುತ್ತಿದ್ದ ದಿಮ್ಮಿಗಳ ತೂತಿಗೂ ಈ ಎಂಜಿನ್ನಿನ ಕಾಲಿಗೂ ತಾಳೆಯಾಗಲಿಲ್ಲ. ಹೊಸ ದಿಮ್ಮಿ ಕೆತ್ತಬೇಕಾಯಿತು. ಶೆಕುವೆ ಬಾಚಿ ಹಿಡಿದು ಕೆತ್ತಿದ, ಕೊಂಬೊ ಅಳೆದ. ಬೇರೆ ದಿನವಾಗಿದ್ದರೆ ಅವರಿಬ್ಬರೂ ಬೈದಾಡಿಕೊಳ್ಳುತ್ತಿದ್ದರು. ‘ಕಣ್ಣು ಎಲ್ಲಿಟ್ಟಿದ್ಯೋ ಕುರುಡ’, ‘ನೀನು ಅಳೆದದ್ದು ಯಾವ ಕತ್ತೆಗೋ’ ಎಂದು. ಅಂದು ಕೊಂಬೊ ಪ್ರತಿಯೊಂದನ್ನೂ ಕೇಳಿ ಮಾಡಿದ. “ಇಷ್ಟು ಸಾಕಾ ನಹೋದಾ? ಇಲ್ಲಿ ತೂತು ಹಾಕಲಾ?” ಹೆಸರು ಹಿಡಿದು ಕರೆಯುತ್ತಿದ್ದವನು ನಹೋದಾ ಅನ್ನತೊಡಗಿದ್ದ. ಅದನ್ನು ಕೇಳಿದಾಗಲೆಲ್ಲ ಶೆಕುವೆಯ ಬಾಚಿ ತಪ್ಪುತ್ತಿತ್ತು. ಕೊನೆಗೆ ಒಂದು ಏಟು ಹೆಬ್ಬೆರಳಿಗೇ ಬಿತ್ತು. ರಕ್ತ ನೋಡಿ ಅವನಿಗೆ ಸ್ವಲ್ಪ ಹಗುರವೆನಿಸಿತು. ಕೊಂಬೊ ತನ್ನ ಲುಂಗಿಯ ಅಂಚು ಹರಿದು ಬೆರಳಿಗೆ ಕಟ್ಟಿದ. ಹಗುರವಾದದ್ದು ಮತ್ತೆ ಭಾರವಾಯಿತು.

ಹೇಳಬೇಕೆಂದು ಅವನು ಎಷ್ಟೋ ಸಲ ಬಾಯಿಯವರೆಗೆ ತಂದ. ಮೊದಲು ಎಂಜಿನ್ನು ಕೂರಲಿ ಎಂದು ಮುಂದೂಡಿದ; ಈಗ ಹೇಳಿದರೆ ಕೊಂಬೊ ಸ್ಪ್ಯಾನರ್ ಬಿಸಾಕಿ ಹೋದರೆ ದೋಣಿ ತೇಲುವುದಿಲ್ಲ. ಆಮೇಲೆ ಮದುವೆ ಮುಗಿಯಲಿ ಎಂದುಕೊಂಡ. ಮಗಳ ಮದುವೆಯ ಹೊತ್ತಲ್ಲಿ ಯಾಕೆ ಮನಸ್ಸು ಕೆಡಿಸುವುದು? ಎಲ್ಲ ಕಾರಣಗಳೂ ಒಳ್ಳೆಯವೇ ಆಗಿದ್ದವು. ಎಲ್ಲವೂ ಅವನಿಗೇ ಅನುಕೂಲವಾಗಿದ್ದವು.

ಸೋಮವಾರ ಬೆಳಗ್ಗೆ ಎಂಜಿನ್ನು ದಿಮ್ಮಿಯ ಮೇಲೆ ಕೂತಿತ್ತು. ಶಾಫ್ಟು ಮತ್ತು ಎಂಜಿನ್ನಿನ ಬಿಲ್ಲೆಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದಕ್ಕೊಂದು ಕೂಡಬೇಕು. ಇಲ್ಲದಿದ್ದರೆ ದೋಣಿ ನಡುಗಿ ನಡುಗಿ ಬೋಲ್ಟು ಉದುರಿಸುತ್ತದೆ. ಕೊಂಬೊ ದೋಣಿಯ ಹೊಟ್ಟೆಯೊಳಗೆ ಮಲಗಿ ಎಂಜಿನ್ನಿನ ಕಾಲಿನ ಕೆಳಗೆ ತಗಡು ತುರುಕುತ್ತಿದ್ದ, ಶೆಕುವೆ ಮೇಲಿನಿಂದ ಸನ್ನೆಗೋಲು ಹಾಕಿ ಎತ್ತಿ ಹಿಡಿದಿದ್ದ. ಅಷ್ಟರಲ್ಲಿ ತಿಮಾ ಅಜ್ಜಿ ಬಂದಳು. ಅರಾಫಾಳ ಸೋದರತ್ತೆ, ಊರಿಗೆಲ್ಲ ಹಿರಿಯಳು. ಮದುವೆ ಮನೆಯಿಂದ ಎಣ್ಣೆಯಲ್ಲಿ ಕರಿದ ಬಿಸಿ ಮಹಾಮ್ರಿಯನ್ನೂ ತೆಂಗಿನಹಾಲಲ್ಲಿ ಬೇಯಿಸಿದ ತೊಗರಿಯನ್ನೂ ತಂದಿದ್ದಳು. ಶುಕ್ರವಾರ ಅವಳೂ ಆ ದೋಣಿಯಲ್ಲಿದ್ದಳು.

“ತಿನ್ರೋ ಮಕ್ಕಳಾ, ಬಿಸಿ ಆರೋ ಮುಂಚೆ. ಕೊಂಬೊ, ಬೇಗ ಮುಗಿಸಿ ಮನೆಗೆ ಬಾ. ಹೀಗೇ ಗ್ರೀಸು ಬಳ್ಕೊಂಡು ನಿಂತ್ರೆ ಅಳಿಯ ಹೆದರಿ ಓಡ್ತಾನೆ.”

“ಬಂದೆ ಅಜ್ಜಿ,” ಎಂದ ಕೊಂಬೊ ಒಳಗಿನಿಂದ.

ಅಜ್ಜಿ ದೋಣಿಯ ಅಂಚು ಹಿಡಿದು ನಿಂತು ಶೆಕುವೆಯನ್ನು ನೋಡಿದಳು. ಬೊಚ್ಚು ಬಾಯಲ್ಲಿ ನಕ್ಕಳು. “ನಾನು ಎಲ್ಲರಿಗೂ ಹೇಳ್ತಿದ್ದೀನಪ್ಪ. ಆವತ್ತು ಎಲ್ಲರೂ ಬಾಯಿ ಬಡ್ಕೊಳ್ತಿದ್ರು, ನಾನೂ ಕಲಿಮಾ ಹೇಳ್ಕೊಂಡೆ, ಆಯ್ತು ನನ್ನ ಕತೆ ಅಂತ. ಇವನೊಬ್ಬ ಮಾತ್ರ ಧೈರ್ಯವಾಗಿ ಹಲಗೆ ಎತ್ತಿ, ಆ ಹೊಗೆ ಒಳಗೆ ಕೈಹಾಕಿ, ಹಿತ್ತಾಳೆಯದೇನೋ ತಿರುಗಿಸಿದ. ಆಮೇಲೆ ಹೊಗೆ ನಿಂತಿತು. ನನ್ನ ಕಾಲ ಬುಡದಲ್ಲೇ ನೋಡಿದ್ದು. ಅಲ್ಲಾಹು ನಿನಗೆ ಆಯಸ್ಸು ಕೊಡಲಿ ಮಗಾ. ನೀನು ಅದನ್ನ ತಿರುಗಿಸದೇ ಇದ್ದಿದ್ರೆ ಸುಟ್ಟೇಹೋಗ್ತಿದ್ವಿ.”

ಒಳಗೆ ತಗಡು ಬಡಿಯುವ ಸದ್ದು ನಿಂತಿತು.

ಶೆಕುವೆ ಸನ್ನೆಗೋಲನ್ನು ಎರಡೂ ಕೈಯಲ್ಲಿ ಒತ್ತಿಹಿಡಿದ. ಬಿಟ್ಟರೆ ಎಂಜಿನ್ನಿನ ಕಾಲು ಕೊಂಬೊನ ಬೆರಳ ಮೇಲೆ ಕೂರುತ್ತದೆ, ಬಿಡುವ ಹಾಗಿಲ್ಲ.

“ಯಾವ ಕಡೆಗೆ ತಿರುಗಿಸಿದ ಅಜ್ಜಿ?” ಕೆಳಗಿನಿಂದ ಕೊಂಬೊನ ದನಿ ಬಂತು. ಬರೀ ಕುತೂಹಲಕ್ಕೆ ಕೇಳಿದ ಹಾಗಿತ್ತು.

“ಹಿಂಗೆ,” ಎಂದು ಅಜ್ಜಿ ಮುದುಡಿದ ಬೆರಳುಗಳನ್ನು ಗಾಳಿಯಲ್ಲಿ ಎಡಕ್ಕೆ ತಿರುಗಿಸಿ ತೋರಿಸಿದಳು. ಅವನಿಗೆ ಕಾಣಿಸದೆಂದು ನೆನಪಾಗಿ, “ಎಡಕ್ಕೆ,” ಎಂದಳು.

ಬಲಕ್ಕೆ ತಿರುಗಿಸಿದರೆ ವಾಲ್ವು ಮುಚ್ಚುತ್ತದೆ. ಎಡಕ್ಕೆ ತಿರುಗಿಸಿದರೆ ತೆರೆಯುತ್ತದೆ. ತೆರೆದೇ ಇದ್ದದ್ದನ್ನು ಯಾರೂ ತೆರೆಯುವುದಿಲ್ಲ.

“ಸರಿ ಅಜ್ಜಿ,” ಎಂದ ಕೊಂಬೊ.

ಅಜ್ಜಿ ಹರಸಿ ಹೋದಳು. ಶೆಕುವೆ ಕಾದ. ಈಗ ಅವನು ಹೊರಬರುತ್ತಾನೆ, ಈಗ ಕೊರಳಪಟ್ಟಿ ಹಿಡಿಯುತ್ತಾನೆ, ಈಗ ಊರು ಕೇಳುವ ಹಾಗೆ ಕೂಗುತ್ತಾನೆ ಎಂದು ಕಾದ. ಹಾಗಾಗಲಿ ಎಂದು ಬೇಡಿಕೊಂಡ. ತಗಡು ಬಡಿಯುವ ಸದ್ದು ಮತ್ತೆ ಶುರುವಾಯಿತು.

“ಕೊಂಬೊ...” ಎಂದ.

“ಹದಿನೇಳರ ಸ್ಪ್ಯಾನರ್ ಕೊಡು.”

“ಕೊಂಬೊ, ನಾನು...”

“ಸ್ಪ್ಯಾನರ್ ಕೊಡು ಅಂದೆ. ನೀರು ಬರೋ ಹೊತ್ತಾಯ್ತು.”

ಕೊಟ್ಟ. ಆಮೇಲೆ ಕೊಂಬೊ ಬೇಕಾದ ವಸ್ತುವಿನ ಹೆಸರಷ್ಟೇ ಹೇಳಿದ, ಶೆಕುವೆ ಕೊಟ್ಟ. ಪೈಪು. ಕ್ಲಿಪ್ಪು. ಹೊಸ ರಬ್ಬರು. ಮಹಾಮ್ರಿಗೆ ಇರುವೆ ಮುತ್ತಿದವು. ಕೆಲಸ ಮಾತ್ರ ಬೆಳಗಿಗಿಂತ ಚುರುಕಾಗಿ ಸಾಗಿತು. ಹಿಂದಿನ ದಿನದಿಂದ ಪ್ರತಿಯೊಂದನ್ನೂ ಕೇಳಿ ಕೇಳಿ ಮಾಡುತ್ತಿದ್ದ ಕೊಂಬೊ ಈಗ ಏನನ್ನೂ ಕೇಳಲಿಲ್ಲ. ಅವನ ಕೈ ಅವನಿಗೆ ಮರಳಿ ಸಿಕ್ಕಿತ್ತು.

ಹೊತ್ತು ಇಳಿಯುವಾಗ ಕಾಂಡ್ಲಾ ಗಿಡಗಳ ಬೇರಿನ ನಡುವೆ ನೀರು ನುಸುಳುತ್ತ ಬಂತು. ಅಂಗಳದ ಅಂಚಿಗೆ ಬಂದು, ದೋಣಿಯ ತಳ ನೆಕ್ಕಿ, ಏರಿತು. ಮೊದಲ ದಿನದಷ್ಟು ಏರಲಿಲ್ಲ. ಗಂಡಸರು ಎದೆಮಟ್ಟ ನೀರಿಗಿಳಿದು ಹೆಗಲು ಕೊಟ್ಟರು. ತವಕಲ್ ಒಮ್ಮೆ ನರಳಿ ಅಲುಗಿತು, ಮತ್ತೆ ನಿಂತಿತು, ಮತ್ತೆ ಜಾರಿತು, ತೇಲಿತು. ಕೊಂಬೊ ಡೀಸೆಲ್ ಪೈಪಿನಲ್ಲಿ ಹಿಡಿದಿದ್ದ ಗಾಳಿ ತೆಗೆದ. ಕೈಹಿಡಿ ಹಾಕಿ ತಿರುಗಿಸಿದ. ಎಂಜಿನ್ನು ಕೆಮ್ಮಿತು, ಸತ್ತಿತು. ಮತ್ತೆ ತಿರುಗಿಸಿದ. ಕಪ್ಪು ಹೊಗೆ ಉಗುಳಿ ಹಿಡಿದುಕೊಂಡಿತು.

ಶೆಕುವೆ ಹಿಂಬದಿಯಲ್ಲಿ ಬಗ್ಗಿ ನಿಂತಿದ್ದ, ಕಣ್ಣು ತೂತಿನ ಮೇಲಿತ್ತು. ಕೆಳಗಿನಿಂದ ಕೂಗು ಬರಲಿಲ್ಲ. ಕೊಂಬೊ ಹಲಗೆ ಸರಿಸಿ ಮೇಲೆ ಬಂದ, ಅವನ ಪಕ್ಕದಿಂದಲೇ ಅಂಚಿಗೆ ಬಂದು ಬಗ್ಗಿ, ಚಿಮ್ಮುವ ನೀರಿಗೆ ತಾನೇ ಅಂಗೈ ಒಡ್ಡಿ ನೋಡಿದ. ಮತ್ತೆ ಕೆಳಗಿಳಿದ.

ಮಗ್ರಿಬ್ ನಮಾಜಿಗೆ ಶೆಕುವೆ ಹಿಂದಿನ ಸಾಲಿನಲ್ಲಿ ನಿಂತ. ತನ್ನ ಜಾಗದಲ್ಲಿ ಕೊಂಬೊ ಬೇರೆ ಸಾಕ್ಷಿಯನ್ನು ಹುಡುಕಿರುತ್ತಾನೆ, ಆಮೇಲೆ ಸದ್ದಿಲ್ಲದೆ ಎದ್ದುಹೋದರಾಯಿತು ಎಂದುಕೊಂಡಿದ್ದ. ನಮಾಜು ಮುಗಿಯಿತು. ಮದುಮಗ ಚಾಪೆಯ ಮೇಲೆ ಬಂದು ಕೂತ. ಎದುರಿಗೆ ಕೊಂಬೊ, ಸ್ನಾನ ಮಾಡಿ ಕಾಲುದ್ದದ ಬಿಳಿ ಕಂಝು ಅಂಗಿ ತೊಟ್ಟಿದ್ದ, ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ನಿಕಾಹ್ ಓದಿಸುವ ಮ್ವಾಲಿಮು ಹಾಜಿ ಕೇಳಿದರು: “ಸಾಕ್ಷಿಗಳು ಯಾರಪ್ಪ?”

“ಒಬ್ಬರು ಹುಡುಗನ ಚಿಕ್ಕಪ್ಪ,” ಎಂದ ಕೊಂಬೊ. “ಇನ್ನೊಬ್ಬ ಶೆಕುವೆ.”

ಜನ ದಾರಿ ಬಿಟ್ಟರು. ಶೆಕುವೆ ಮುಂದೆ ಬಂದು ಕೂತ. ಕೊಂಬೊ ಅವನ ಕಡೆ ನೋಡಲಿಲ್ಲ. ಮ್ವಾಲಿಮು ಎಂದಿನಂತೆ, ಸಾಕ್ಷಿಯಾದವನು ನಂಬಿಕಸ್ತನಾಗಿರಬೇಕು, ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದನ್ನೇ ಹೇಳಬೇಕು ಎಂದು ನಾಲ್ಕು ಮಾತು ಹೇಳಿದರು. ಪ್ರತಿ ಮದುವೆಯಲ್ಲೂ ಹೇಳುವ ಮಾತು. ಶೆಕುವೆ ಅದನ್ನು ಎಷ್ಟೋ ಮದುವೆಗಳಲ್ಲಿ ಕೇಳಿದ್ದ.

“ಮ್ವಾಲಿಮು, ನನ್ನಿಂದ ಆಗಲ್ಲ,” ಎಂದ.

“ಏನಾಗಲ್ಲ?”

“ನಾನು ಸಾಕ್ಷಿ ಆಗೋಕೆ ಯೋಗ್ಯ ಅಲ್ಲ. ಶುಕ್ರವಾರ ನಾನು ನೋಡದೇನೇ ‘ನೀರು ಬಂತು’ ಅಂದೆ. ವಾಲ್ವು ಮುಚ್ಚಿದ್ದವನು ನಾನೇ. ಎಂಜಿನ್ನು ಸತ್ತ ಮೇಲೆ ಯಾರಿಗೂ ಕಾಣದ ಹಾಗೆ ತೆರೆದವನೂ ನಾನೇ. ಕೊಂಬೊನ ತಪ್ಪು ಏನೇನೂ ಇಲ್ಲ.”

ಮದುಮಗ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದ. ಬಕಾರಿ ಬಾಯಿ ತೆರೆದು ಹಾಗೇ ಕೂತಿದ್ದ. ಶೆಕುವೆಗೆ ಶುಕ್ರವಾರದಿಂದೀಚೆಗೆ ಮೊದಲ ಬಾರಿ ಉಸಿರು ಪೂರ್ತಿ ಒಳಗೆ ಹೋದಂತಾಯಿತು.

ಕೊಂಬೊ ಆಗ ಅವನತ್ತ ತಿರುಗಿದ.

“ಇವತ್ತೇ ಬೇಕಿತ್ತಾ ನಿನಗೆ?” ಎಂದ. ದನಿ ಏರಿರಲಿಲ್ಲ. “ಮೂರು ದಿನ ಅಂಗಳದಲ್ಲಿ ಇಬ್ಬರೇ ಇದ್ವಿ. ನನ್ನ ಮಗಳ ನಿಕಾಹ್ ಚಾಪೆ ಮೇಲೆ ಬಂದು ನಿನ್ನ ಹೊರೆ ಇಳಿಸ್ತೀಯಾ? ನಾಳೆ ಈ ಊರು ಮುನಿರಾ ಮದುವೆ ಅಂತ ನೆನೆಯುತ್ತಾ, ನಿನ್ನ ಎಂಜಿನ್ನು ಅಂತ ನೆನೆಯುತ್ತಾ?”

ಮ್ವಾಲಿಮು ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿ, ಮುಂದಿನ ಸಾಲಿನ ಒಬ್ಬ ಹಿರಿಯರನ್ನು ಸಾಕ್ಷಿಯಾಗಿ ಕರೆದರು. ಶೆಕುವೆ ಎದ್ದು ಹಿಂದೆ ಹೋಗಿ ಕಂಬಕ್ಕೆ ಒರಗಿ ನಿಂತ. ನಿಕಾಹ್ ಆಯಿತು. ಹಲ್ವಾ ಹಂಚುವವನು ಬಂದಾಗ ಕೈ ಒಡ್ಡಲು ಧೈರ್ಯವಾಗಲಿಲ್ಲ. ಅವನೇ ಒಂದು ತುಂಡು ಅಂಗೈಗೆ ತುರುಕಿ ಹೋದ.

ಮದುವೆಯ ಗದ್ದಲ ಮುಗಿದ ಮೇಲೆ ಒಂದು ಮಧ್ಯಾಹ್ನ ಶೆಕುವೆ ಕೊಂಬೊನ ಮನೆಗೆ ಹೋದ. ಅರಾಫಾ ಶುಂಠಿ ಚಹಾ ತಂದಿಟ್ಟು ಒಳಗೆ ಹೋದಳು. ಕೊಂಬೊ ಜಗಲಿಯ ಮೇಲೆ ಹರಿದ ಬಲೆ ಹೆಣೆಯುತ್ತಿದ್ದ.

“ಕ್ಷಮಿಸು ಅಂತ ಕೇಳೋಕೆ ಬಂದೆ.”

“ಕ್ಷಮಿಸಿದ್ದೀನಿ. ಕ್ಷಮಿಸ್ದೇ ಇದ್ರೆ ನನ್ನ ನಮಾಜು ಸಲ್ಲಲ್ಲ,” ಎಂದ ಕೊಂಬೊ. ಬಲೆಯ ಗಂಟು ಬಿಗಿದ. “ವಾಲ್ವು ಮುಚ್ಚಿದ್ದು ಮರೆತೆ, ಅದು ಮರೆವು. ನೋಡ್ದೆ ‘ಬಂತು’ ಅಂದೆ, ಅದೂ ಆಗುತ್ತೆ ಮಾರಾಯ, ಮೇಕೆ ಗಲಾಟೆ. ಎಂಜಿನ್ನು ಹೋದ್ರೆ ಎಂಜಿನ್ನು ಬರುತ್ತೆ, ಬಂತಲ್ಲ. ಆದ್ರೆ ಆ ರಬ್ಬರು ಕೈಲಿ ಹಿಡ್ಕೊಂಡು ನಾನು ನಿನ್ನ ಮುಂದೆ ಅತ್ತೆ. ನೀನು ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದೆ. ಅದನ್ನ ಎಲ್ಲಿಡಲಿ ಅಂತ ನನಗೆ ಗೊತ್ತಾಗ್ತಾ ಇಲ್ಲ.”

ಶೆಕುವೆ ಚಹಾ ಮುಗಿಸಿದ. ಚಹಾ ಅರ್ಧಕ್ಕೇ ಬಿಟ್ಟು ಏಳುವುದು ಸರಿಯಲ್ಲ ಎಂದಷ್ಟೇ ಅವನಿಗೆ ತೋಚಿತ್ತು.

ಕೊಂಬೊ ತವಕಲ್ಲಿಗೆ ಹಿಂತಿರುಗಲಿಲ್ಲ. ಫಾಝಾದ ದೋಣಿಯವರು ಬಂದು ಕರೆದರು, ಹೋದ. ಶೆಕುವೆ ಕಿಝಿಂಗಿತಿನಿ ಊರಿನಿಂದ ಒಬ್ಬನನ್ನು ಎಂಜಿನ್ನಿಗೆ ಇಟ್ಟುಕೊಂಡ. ಊರು ಈಗ ಅವನನ್ನು ಆಡಿಕೊಳ್ಳತೊಡಗಿತು. ಅವನು ದಂಡೆಗೆ ಬಂದರೆ ಬಕಾರಿ ಕತ್ತೆಯ ಮೇಲಿಂದಲೇ, “ಶೆಕುವೆ, ಇವತ್ತು ಶುಕ್ರವಾರ ತಾನೇ? ಕಣ್ಣಾರೆ ನೋಡಿ ಹೇಳಪ್ಪ!” ಎಂದು ಕೂಗುತ್ತಿದ್ದ. ಶೆಕುವೆಗೆ ಆ ಕುಹಕ ಕಷ್ಟವೆನಿಸಲಿಲ್ಲ. ಅದರಲ್ಲಿ ಒಂದು ಬಗೆಯ ನ್ಯಾಯವಿತ್ತು. ಕಷ್ಟವಾದದ್ದು ಬೇರೆ. ಜನ ಇನ್ನೂ ಅವನ ದೋಣಿಗೆ ಬರುತ್ತಿದ್ದರು, ಮಕ್ಕಳನ್ನು ಅವನ ಕೈಗೆ ಎತ್ತಿ ಕೊಡುತ್ತಿದ್ದರು. ಹಾಗೆ ಕೊಟ್ಟಾಗಲೆಲ್ಲ ಅವನಿಗೆ ಆ ಬಂಡೆಗಳು ಕಾಣುತ್ತಿದ್ದವು.

ಮುಂದಿನ ಉಪವಾಸದ ತಿಂಗಳು ಬಂತು. ಮೊದಲ ಸಂಜೆ ಬಾಂಗಿಗೆ ಸ್ವಲ್ಪ ಮುಂಚೆ ಮ್ವಾನಖೇರಿ ಗೋಡೆಯ ಆಚೆಗೆ ಒಂದು ತಟ್ಟೆ ಕಳಿಸಿದಳು, ಗಂಡನನ್ನು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅರಾಫಾ ಅದೇ ತಟ್ಟೆಯ ತುಂಬ ತೆಂಗಿನಹಾಲಲ್ಲಿ ಬೇಯಿಸಿದ ಮರಗೆಣಸು ಹಾಕಿ ಕಳಿಸಿದಳು. ಅಲ್ಲಿಂದ ಪ್ರತಿ ಸಂಜೆ ತಟ್ಟೆ ಹೋಗುತ್ತಿತ್ತು, ಬರುತ್ತಿತ್ತು. ಗಂಡಸರು ಮಸೀದಿಯಲ್ಲಿ ಸಲಾಂ ಹೇಳಿಕೊಳ್ಳುತ್ತಿದ್ದರು, ಅದಕ್ಕಿಂತ ಮುಂದೆ ಮಾತು ಹೋಗುತ್ತಿರಲಿಲ್ಲ.

“ತಿನ್ನಿ,” ಎಂದಳು ಮ್ವಾನಖೇರಿ ಒಂದು ಸಂಜೆ, ಅವನು ಆ ತಟ್ಟೆಯನ್ನು ದೂರ ಸರಿಸಿದಾಗ. “ಅವನ ಮನೆ ಅನ್ನ ತಿನ್ನೋಕೆ ನಾಚಿಕೆ ಆಗ್ಬೇಕು, ಆಗ್ಲಿ. ನಾಚಿಕೆ ಪಟ್ಕೊಂಡೇ ತಿನ್ನಿ. ವಾಪಸ್ ಕಳಿಸಿದ್ರೆ ಅವರಿಗೆ ಬೇಜಾರಾಗುತ್ತೆ.”

ಬಾಂಗು ಕೂಗಿತು. ಶೆಕುವೆ ಖರ್ಜೂರ ಬಾಯಿಗೆ ಹಾಕಿ, ನೀರು ಕುಡಿದು, ತಟ್ಟೆಗೆ ಕೈಯಿಟ್ಟ. ಮರಗೆಣಸು ಬಿಸಿಯಾಗಿತ್ತು, ಉಪ್ಪು ಸ್ವಲ್ಪ ಮುಂದಾಗಿತ್ತು. ಕೊನೆಯವರೆಗೂ ತಿಂದ.